ಹಳೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡವರು ಎದುರು ಸಿಕ್ಕಾಗಲೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಹಳೆಯದು ಎಂದರೆ ಸುಮಾರು 2005ರಿಂದ 2014ರವರೆಗಿನ ಯಂತ್ರಗಳು ಎಂದಿಟ್ಟುಕೊಳ್ಳಿ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಬಹುದು. ಆದರೆ ಕೊಳ್ಳುವ ಮುನ್ನದ ಭಾಗವನ್ನು ಮಾತ್ರ ಪೂರ್ತಿ ಓದಿಕೊಳ್ಳಿ, ಏಕೆಂದರೆ ಈ ವಿಷಯದಲ್ಲಿ ಹಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಎಡವಿದ್ದು ಅಲ್ಲಿಯೇ.

## ಮೊದಲ ಪ್ರಶ್ನೆಗಳು

ನನ್ನ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡೇ ಇಲ್ಲ ಅಂತಾರೆ. ಹಾಗಾದರೆ ಪರದೆಯ ಮೇಲೆ ಚಿತ್ರ ಬರುತ್ತಿರುವುದು ಎಲ್ಲಿಂದ?

ಚಿತ್ರವನ್ನು ರಚಿಸುವ ಭಾಗ ಪ್ರತ್ಯೇಕ ಕಾರ್ಡಿನಲ್ಲಿ ಇಲ್ಲದಿದ್ದರೆ ಅದು ಮದರ್‌ಬೋರ್ಡಿನ ಚಿಪ್‌ಸೆಟ್‌ನೊಳಗೋ ಪ್ರೊಸೆಸರಿನೊಳಗೋ ಇರುತ್ತದೆ. ಇಂಟೆಲ್‌ನ 945ಜಿ ಚಿಪ್‌ಸೆಟ್‌ನಲ್ಲಿದ್ದ ಜಿಎಂಎ 950, ಜಿ31ರಲ್ಲಿದ್ದ ಜಿಎಂಎ 3100, ಜಿ41ರಲ್ಲಿದ್ದ ಜಿಎಂಎ ಎಕ್ಸ್4500 ಇವೆಲ್ಲ ಮೊದಲ ಬಗೆಯವು. 2010ರಿಂದ ಈಚೆಗೆ ಇಂಟೆಲ್ ಈ ಕೆಲಸವನ್ನು ಪ್ರೊಸೆಸರಿಗೇ ವಹಿಸಿತು. 2011ರ ಎರಡನೆಯ ಪೀಳಿಗೆಯ ಕೋರ್ ಐ3, ಐ5ಗಳಲ್ಲಿ ಕಾಣುವ ಎಚ್‌ಡಿ 2000 ಅಂಥದ್ದು. ಎರಡರಲ್ಲಿಯೂ ಸಾಮಾನ್ಯವಾದ ಸಂಗತಿಯೆಂದರೆ, ಇವುಗಳಿಗೆ ಸ್ವಂತ ಮೆಮೊರಿ ಇಲ್ಲ. ಕಂಪ್ಯೂಟರಿನ ರ‍್ಯಾಮಿನಲ್ಲಿಯೇ ಒಂದು ಪಾಲನ್ನು ಎರವಲು ಪಡೆದು ಅವು ಕೆಲಸ ಮಾಡುತ್ತವೆ. ಜಿಎಂಎ 950 ಹೀಗೆ 224 ಎಂಬಿಯವರೆಗೆ ತೆಗೆದುಕೊಳ್ಳಬಲ್ಲದು, ಮತ್ತು ಒಟ್ಟು ರ‍್ಯಾಮ್ 1 ಜಿಬಿ ಇದ್ದ ಕಾಲದಲ್ಲಿ ಅದು ಸಣ್ಣ ಪಾಲೇನೂ ಆಗಿರಲಿಲ್ಲ.

ಕಾರ್ಡ್ ಹಾಕಿಸಿದರೆ ಕಂಪ್ಯೂಟರ್ ಫಾಸ್ಟ್ ಆಗುತ್ತದಲ್ಲವೇ?

ಹೆಚ್ಚಿನ ಸಂದರ್ಭಗಳಲ್ಲಿ ಆಗುವುದಿಲ್ಲ. ಯಂತ್ರ ತೆರೆದುಕೊಳ್ಳಲು ಐದು ನಿಮಿಷ ಹಿಡಿಯುತ್ತಿದ್ದರೆ, ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದೊಡನೆ ಎಲ್ಲವೂ ನಿಂತುಬಿಡುತ್ತಿದ್ದರೆ, ಅದರ ಕಾರಣ ಹಳೆಯ ಹಾರ್ಡ್ ಡಿಸ್ಕ್ ಮತ್ತು ಸಾಲದ ರ‍್ಯಾಮ್. ಅಂಥ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು ಹೊಟ್ಟೆನೋವಿಗೆ ಕನ್ನಡಕ ಮಾಡಿಸಿದಂತೆ. ಇರುವ ಹಣ ಒಂದಕ್ಕೇ ಸಾಕಾಗುವುದಾದರೆ ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಸಂಗ್ರಹ), ಆಮೇಲೆ ರ‍್ಯಾಮ್, ಕೊನೆಗೆ ಕಾರ್ಡ್. ಈ ಅನುಕ್ರಮವನ್ನು ಬದಲಿಸಬೇಕಾದ ಸಂದರ್ಭ ನನಗೆ ತೀರಾ ವಿರಳವಾಗಿ ಎದುರಾಗಿದೆ.

ಹಾಗಾದರೆ ಕಾರ್ಡ್ ನಿಜವಾಗಿ ಬೇಕಾಗುವುದು ಯಾರಿಗೆ?

ಆಟ ಆಡುವವರಿಗೆ ಬೇಕು ಎಂಬುದು ಎಲ್ಲರಿಗೂ ಗೊತ್ತಿದೆ. ಅವರನ್ನು ಬಿಟ್ಟರೆ ಮೂರು ಬಗೆಯವರಿಗೆ ಅದರ ಉಪಯೋಗವಿದೆ. ಮೊದಲನೆಯವರು ಎರಡು ಮಾನಿಟರ್ ಜೋಡಿಸಬೇಕಾದವರು: ಆ ಕಾಲದ ಬಹುತೇಕ ಅಗ್ಗದ ಬೋರ್ಡುಗಳ ಹಿಂಭಾಗದಲ್ಲಿ ಇರುವುದು ಒಂದೇ ಒಂದು ವಿಜಿಎ ಪೋರ್ಟ್. ಎರಡನೆಯವರು ತಂತ್ರಾಂಶವೇ ತೆರೆದುಕೊಳ್ಳದೆ ಕಷ್ಟಪಡುತ್ತಿರುವವರು. ಉದಾಹರಣೆಗೆ ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ 2019ರ 2.80ನೆಯ ಆವೃತ್ತಿಯಿಂದ ಓಪನ್‌ಜಿಎಲ್ ಎಂಬ ಚಿತ್ರರಚನೆಯ ಮಾನದಂಡದ 3.3ನೆಯ ಆವೃತ್ತಿ ಕೇಳುತ್ತದೆ, 4.0ನೆಯ ಆವೃತ್ತಿಯಿಂದ ಓಪನ್‌ಜಿಎಲ್ 4.3 ಕೇಳುತ್ತದೆ. ಜಿಎಂಎ ಎಕ್ಸ್4500 ಆಗಲಿ, ವಿಂಡೋಸ್‌ನಲ್ಲಿ ಓಪನ್‌ಜಿಎಲ್ 3.1ಕ್ಕೆ ನಿಂತುಬಿಡುವ ಎಚ್‌ಡಿ 3000 ಆಗಲಿ ಈ ಮೆಟ್ಟಿಲು ಹತ್ತಲಾರವು, ಎಷ್ಟೇ ರ‍್ಯಾಮ್ ಸೇರಿಸಿದರೂ ಹತ್ತಲಾರವು. ಮೂರನೆಯವರು ಬೋರ್ಡಿನ ವಿಜಿಎ ಪೋರ್ಟೇ ಕೆಟ್ಟುಹೋಗಿ, ಉಳಿದೆಲ್ಲ ಸರಿಯಿರುವ ಯಂತ್ರವನ್ನು ಎಸೆಯಲು ಮನಸ್ಸಿಲ್ಲದವರು. ಇವರಿಗಿಂತ ಸಮಂಜಸವಾದ ಕಾರಣ ಇರುವವರು ಬೇರೆ ಯಾರೂ ಇಲ್ಲ.

ಕಾರ್ಡ್ ಹಾಕಿದರೆ ಕನ್ನಡ ಅಕ್ಷರಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತವೆ ಎಂದು ಸ್ನೇಹಿತರು ಹೇಳಿದರು. ನಿಜವೇ?

ಅರ್ಧ ನಿಜ. ಅಕ್ಷರದ ಆಕಾರವನ್ನು ತೀರ್ಮಾನಿಸುವುದು ಫಾಂಟ್ ಮತ್ತು ಕಾರ್ಯಾಚರಣ ವ್ಯವಸ್ಥೆ. ಕಾರ್ಡಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೆ ಹಳೆಯ ಬೋರ್ಡಿನ ವಿಜಿಎ ಪೋರ್ಟ್ ಚಿತ್ರವನ್ನು ಅನಲಾಗ್ ಸಂಕೇತವಾಗಿ ಕಳುಹಿಸುತ್ತದೆ. 1920×1080ರಂಥ ಅಳತೆಯಲ್ಲಿ, ಅದರಲ್ಲೂ ಕೇಬಲ್ ಉದ್ದವಾಗಿದ್ದರೆ ಅಥವಾ ಕಳಪೆಯಾಗಿದ್ದರೆ, ಅಂಚುಗಳು ಮಸುಕಾಗುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಇದು ಅಷ್ಟಾಗಿ ತೋರದಿದ್ದರೂ, ‘ರಾಷ್ಟ್ರ’ ಎಂಬ ಪದದ ಒತ್ತುಗಳು ಎರಡು ಪದರವಾಗಿ ಕೆಳಗಿಳಿಯುವ ನಮ್ಮ ಲಿಪಿಯಲ್ಲಿ ಕಣ್ಣಿಗೆ ಚೆನ್ನಾಗಿಯೇ ತಾಗುತ್ತದೆ. ಕಾರ್ಡಿನಿಂದ ಡಿವಿಐ ಅಥವಾ ಎಚ್‌ಡಿಎಂಐ ಮೂಲಕ ಡಿಜಿಟಲ್ ಸಂಪರ್ಕ ಕೊಟ್ಟು, ಮಾನಿಟರಿನ ಸಹಜ ರೆಸಲ್ಯೂಷನ್ನನ್ನೇ ಆರಿಸಿಕೊಂಡರೆ ಈ ಮಸುಕು ಹೋಗುತ್ತದೆ. ದಿನವಿಡೀ ಕರಡು ತಿದ್ದುವವರಿಗೆ ಇದೊಂದೇ ಲಾಭಕ್ಕಾಗಿ ಅತಿ ಅಗ್ಗದ ಕಾರ್ಡ್ ಹಾಕಿಕೊಟ್ಟದ್ದೂ ಉಂಟು.

ಲ್ಯಾಪ್‌ಟಾಪಿಗೆ ಹೀಗೆ ಕಾರ್ಡ್ ಹಾಕಬಹುದೇ?

ಸಾಮಾನ್ಯ ಬಳಕೆದಾರರ ಮಟ್ಟಿಗೆ ಇಲ್ಲ. ಈ ಪುಟ ಡೆಸ್ಕ್‌ಟಾಪ್‌ಗಳಿಗೆ ಮಾತ್ರ.

## ಕೊಳ್ಳುವ ಮುನ್ನ

ನನ್ನ ಬೋರ್ಡಿನಲ್ಲಿ ಯಾವ ಸ್ಲಾಟ್ ಇದೆ ಎಂದು ತಿಳಿಯುವುದು ಹೇಗೆ?

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಕಣ್ಣಾರೆ ನೋಡುವುದೇ ಉತ್ತಮ. ಅಂಗಡಿಯ ಹಳೆಯ ಬಿಲ್ಲನ್ನು ನಂಬಬೇಡಿ. ಪ್ರೊಸೆಸರಿನ ಸಮೀಪದಲ್ಲಿ, ಸುಮಾರು 9 ಸೆಂಟಿಮೀಟರ್ ಉದ್ದದ, ತುದಿಯಲ್ಲಿ ಸಣ್ಣ ಕೊಂಡಿ ಇರುವ ಸ್ಲಾಟ್ ಕಂಡರೆ ಅದು ಪಿಸಿಐ ಎಕ್ಸ್‌ಪ್ರೆಸ್ 16 ಲೇನಿನದು. ನಿಮ್ಮ ದಾರಿ ಸಲೀಸು. (ಲೇನ್ ಎಂದರೆ ಮಾಹಿತಿ ಸಾಗುವ ಒಂದು ಹಾದಿ.) ಬೆರಳಿನ ಎರಡು ಗೆಣ್ಣಿನಷ್ಟೇ ಚಿಕ್ಕದಾದ ಸ್ಲಾಟ್ ಒಂದು ಲೇನಿನದು. ಬಿಳಿ ಬಣ್ಣದ, ಉದ್ದವಾದ, ಸಾಲಾಗಿ ಎರಡು ಮೂರು ಇರುವವು ಹಳೆಯ ಪಿಸಿಐ. ಅಂಚಿನಿಂದ ತುಸು ಒಳಕ್ಕೆ ಸರಿದು ಒಂಟಿಯಾಗಿ ನಿಂತಿರುವ ಕಂದು ಬಣ್ಣದ್ದು ಬಹುತೇಕ ಎಜಿಪಿ, ಅಂದರೆ ಪಿಸಿಐ ಎಕ್ಸ್‌ಪ್ರೆಸ್‌ಗೂ ಮುಂಚಿನ ಗ್ರಾಫಿಕ್ಸ್ ಸ್ಲಾಟ್.

ಎಜಿಪಿ ಯಂತ್ರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅದರ ಮೊದಲ ಪೀಳಿಗೆಯ ಕಾರ್ಡುಗಳು 3.3 ವೋಲ್ಟಿನಲ್ಲಿ, ನಂತರದವು 1.5 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ, ಮತ್ತು ಇಂಟೆಲ್ 845 ಚಿಪ್‌ಸೆಟ್ಟಿನಂಥ 1.5 ವೋಲ್ಟಿನ ಬೋರ್ಡಿಗೆ 3.3 ವೋಲ್ಟಿನ ಕಾರ್ಡ್ ಹಾಕಿದರೆ ಬೋರ್ಡೇ ಸುಡಬಹುದು. ನನ್ನ ಅಭಿಪ್ರಾಯ ಕೇಳುವುದಾದರೆ, ಎಜಿಪಿ ಯಂತ್ರಕ್ಕೆ ಇಂದು ಹಣ ಹಾಕುವುದು ಹಳೆಯ ಆಟಗಳ ಮೇಲಿನ ಅಕ್ಕರೆಗಾಗಿ ಮಾತ್ರ ಸರಿ, ಕೆಲಸಕ್ಕಾಗಿ ಅಲ್ಲ.

ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್ 3.0, ನನ್ನ ಬೋರ್ಡ್ 1.0. ಹೊಂದುತ್ತದೆಯೇ?

ಹೊಂದುತ್ತದೆ. ಪೀಳಿಗೆಗಳು ಹಿಂದಕ್ಕೂ ಮುಂದಕ್ಕೂ ಹೊಂದಿಕೊಳ್ಳುವಂತೆಯೇ ಈ ವ್ಯವಸ್ಥೆಯನ್ನು ರೂಪಿಸಲಾಗಿದೆ, ಮತ್ತು ಇಬ್ಬರಲ್ಲಿ ನಿಧಾನವಾಗಿರುವವರ ವೇಗಕ್ಕೆ ಸಂಪರ್ಕ ಇಳಿದುಕೊಳ್ಳುತ್ತದೆ. 16 ಲೇನುಗಳಲ್ಲಿ 1.0 ಸೆಕೆಂಡಿಗೆ 4 ಜಿಬಿ, 2.0 ಅದರ ಎರಡರಷ್ಟು, 3.0 ಸುಮಾರು ನಾಲ್ಕರಷ್ಟು ಸಾಗಿಸುತ್ತದೆ. ಇಲ್ಲಿ ನಾವು ಮಾತಾಡುತ್ತಿರುವ ಸಣ್ಣ ಕಾರ್ಡುಗಳಿಗೆ ಈ ಇಳಿಕೆ ದೊಡ್ಡ ಅಡ್ಡಿಯಾಗುವುದಿಲ್ಲ. ನಾಲ್ಕೇ ಲೇನು ಬಳಸುವ ಹೊಸ ಕಾರ್ಡುಗಳ ಮಾತು ಬೇರೆ, ಅದು ಕೊನೆಯ ಭಾಗದಲ್ಲಿದೆ.

ನನ್ನ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿದೆ. ಸಾಕಲ್ಲವೇ?

ಎಸ್‌ಎಂಪಿಎಸ್ ಎಂದರೆ ಯಂತ್ರಕ್ಕೆ ವಿದ್ಯುತ್ ಹಂಚುವ ಪೆಟ್ಟಿಗೆ. ಅದರ ಮೇಲೆ ಬರೆದ ದೊಡ್ಡ ಸಂಖ್ಯೆಗಿಂತ ಪಕ್ಕದ ಚೀಟಿಯಲ್ಲಿರುವ 12 ವೋಲ್ಟಿನ ಸಾಲು ಮುಖ್ಯ. ಗ್ರಾಫಿಕ್ಸ್ ಕಾರ್ಡ್ ಬಹುಪಾಲು ಶಕ್ತಿಯನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ಆ ಸಾಲಿನ ಆಂಪಿಯರನ್ನು 12ರಿಂದ ಗುಣಿಸಿ ನೋಡಿ. ಅಸೆಂಬಲ್ಡ್ ಕ್ಯಾಬಿನೆಟ್ಟಿನೊಂದಿಗೆ ಉಚಿತವೆಂಬಂತೆ ಬರುವ ಎಸ್‌ಎಂಪಿಎಸ್‌ಗಳಲ್ಲಿ ಈ ಗುಣಲಬ್ಧ 450ರ ಹತ್ತಿರಕ್ಕೂ ಬರುವುದಿಲ್ಲ. ಅದಕ್ಕೆ ಪ್ರತಿಯಾಗಿ, 240 ವ್ಯಾಟ್ ಎಂದಷ್ಟೇ ಬರೆದುಕೊಂಡಿರುವ ಡೆಲ್ ಆಪ್ಟಿಪ್ಲೆಕ್ಸ್ 7010ರ ಸಣ್ಣ ಮಾದರಿಯಂಥ ಬ್ರಾಂಡೆಡ್ ಯಂತ್ರ 30 ವ್ಯಾಟಿನ ಕಾರ್ಡನ್ನು ನಿರಾತಂಕವಾಗಿ ನಡೆಸುತ್ತದೆ. ಅದರ ಕೋರ್ ಐ5 ಪ್ರೊಸೆಸರಿನ ಮಿತಿಯೇ 77 ವ್ಯಾಟ್ ಆಗಿರುವಾಗ ಲೆಕ್ಕ ಸುಲಭವಾಗಿ ಹೊಂದುತ್ತದೆ.

16 ಲೇನಿನ ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿನ ಮೇಲೆ ಆರು ಪಿನ್ನಿನ ಸಾಕೆಟ್ ಇದ್ದರೆ ಇನ್ನೂ 75, ಎಂಟು ಪಿನ್ನಿನದಾದರೆ 150 ವ್ಯಾಟ್ ಅಲ್ಲಿಂದ ಬರಬೇಕು. ಹಳೆಯ ಎಸ್‌ಎಂಪಿಎಸ್‌ನಲ್ಲಿ ಆ ಕೇಬಲ್ ಇಲ್ಲದಿದ್ದರೆ, ಪರಿವರ್ತಕ ತಂತಿ ಹಾಕಿ ನಡೆಸಬಹುದು ಎಂಬ ಸಲಹೆ ಅಂಗಡಿಯಲ್ಲಿ ಸಿಗುತ್ತದೆ. ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ 4.5 ಆಂಪಿಯರ್, ಅಂದರೆ 54 ವ್ಯಾಟ್‌ಗೆ ಮಾತ್ರ ರೂಪಿತವಾದದ್ದು ಎಂಬುದನ್ನು ಅವರು ಹೇಳುವುದಿಲ್ಲ. ಅಂಥ ಒಂದು ತಂತಿ ನನ್ನ ಮೇಜಿನ ಕೆಳಗೇ ಕರಗಿ, ಮೂರು ದಿನ ಕೋಣೆಯಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ ಉಳಿದಿತ್ತು. ಹಳೆಯ ಯಂತ್ರಕ್ಕೆ ಹೆಚ್ಚುವರಿ ಸಾಕೆಟ್ ಕೇಳದ ಕಾರ್ಡೇ ಸರಿ ಎಂಬುದು ಅಂದಿನಿಂದ ನನ್ನ ನಿಯಮ.

ಆಫೀಸಿನಲ್ಲಿ ಮಾರಿದ ತೆಳ್ಳನೆಯ ಕಂಪ್ಯೂಟರ್ ಕೊಂಡಿದ್ದೇನೆ. ಅದರೊಳಗೆ ಕಾರ್ಡ್ ಹಿಡಿಯುತ್ತದೆಯೇ?

ಬೆಂಗಳೂರಿನ ಕಚೇರಿಗಳಿಂದ ಹೊರಬೀಳುವ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳು ರಾಜ್ಯದ ಎಲ್ಲ ಊರುಗಳಿಗೂ ತಲುಪಿರುವುದರಿಂದ ಈ ಪ್ರಶ್ನೆ ಈಗ ಎಲ್ಲಕ್ಕಿಂತ ಹೆಚ್ಚು ಬರುತ್ತಿದೆ. ಅವುಗಳ ತೆಳು ಮಾದರಿಗಳಲ್ಲಿ ಹಿಡಿಯುವುದು ಲೋ ಪ್ರೊಫೈಲ್ ಕಾರ್ಡ್ ಮಾತ್ರ. ಸಾಮಾನ್ಯ ಕಾರ್ಡಿನ ಹಿಂಬದಿಯ ಲೋಹದ ಪಟ್ಟಿ 12 ಸೆಂಟಿಮೀಟರ್ ಇದ್ದರೆ, ಇದರದು ಸುಮಾರು 8 ಸೆಂಟಿಮೀಟರ್. ಕೊಳ್ಳುವಾಗ ಆ ಗಿಡ್ಡ ಪಟ್ಟಿ ಪೆಟ್ಟಿಗೆಯಲ್ಲಿದೆಯೇ ಎಂದು ನೋಡಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರ್ಡುಗಳಲ್ಲಿ ಮೊದಲು ಕಳೆದುಹೋಗಿರುವುದು ಅದೇ, ಮತ್ತು ಅದಿಲ್ಲದೆ ಕಾರ್ಡನ್ನು ಬಿಗಿಯಾಗಿ ನಿಲ್ಲಿಸಲು ಆಗುವುದಿಲ್ಲ.

ಇನ್ನೂ ಎರಡು ಸಂಗತಿಗಳಿವೆ. ಎರಡು ಸ್ಲಾಟುಗಳು ಒಂದೇ ಉದ್ದವಾಗಿ ಕಂಡರೂ ಒಂದರಲ್ಲಿ ನಾಲ್ಕೇ ಲೇನುಗಳ ಸಂಪರ್ಕವಿರಬಹುದು. ಆಪ್ಟಿಪ್ಲೆಕ್ಸ್ 7010ರಲ್ಲಿ ನೀಲಿಯದು ಪೂರ್ಣ 16 ಲೇನಿನದು, ಕಪ್ಪಿನದು ನಾಲ್ಕರದು. ನೀಲಿ ಸ್ಲಾಟಿನ ಪಕ್ಕದ ಜಾಗವನ್ನು ಕಾರ್ಡಿನ ದಪ್ಪ ಹೀಟ್‌ಸಿಂಕ್ ನುಂಗಿಬಿಡುತ್ತದೆಯೇ, ಎಸ್‌ಎಂಪಿಎಸ್‌ಗೆ ತಾಗುತ್ತದೆಯೇ ಎಂಬುದನ್ನು ಸ್ಕೇಲ್ ಹಿಡಿದು ಅಳೆಯಿರಿ. ಎರಡನೆಯದಾಗಿ, 2013ರ ಸುಮಾರಿನಿಂದ ಇಂಥ ಹಲವು ಯಂತ್ರಗಳ ಬೋರ್ಡಿಗೆ 24 ಪಿನ್ನಿನ ಬದಲು ಕಂಪನಿಯದೇ ಆದ ಬೇರೆ ಕನೆಕ್ಟರ್ ಇದೆ. ಆದ್ದರಿಂದ ‘ಬೇಕಾದರೆ ಮುಂದೆ ದೊಡ್ಡ ಎಸ್‌ಎಂಪಿಎಸ್ ಹಾಕಿಕೊಳ್ಳೋಣ’ ಎಂಬ ಯೋಜನೆ ಅಲ್ಲಿ ಸುಲಭದ್ದಲ್ಲ.

2 ಜಿಬಿ ಕಾರ್ಡ್ ಒಳ್ಳೆಯದೋ 4 ಜಿಬಿ ಕಾರ್ಡೋ?

ಈ ಒಂದು ಪ್ರಶ್ನೆಯನ್ನು ಮಾರಾಟಗಾರರು ತಮ್ಮ ಲಾಭಕ್ಕೆ ಚೆನ್ನಾಗಿಯೇ ಬಳಸಿಕೊಂಡಿದ್ದಾರೆ. ಮೆಮೊರಿ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಎಷ್ಟು ಬೇಗ ಕೊಟ್ಟು ತೆಗೆದುಕೊಳ್ಳುತ್ತದೆ ಎಂಬುದು ಇಲ್ಲಿ ನಿರ್ಣಾಯಕ. ಆನ್‌ಬೋರ್ಡ್ ಗ್ರಾಫಿಕ್ಸ್ ಹಿಂದೆ ಬೀಳುವುದೂ ಇದೇ ಕಾರಣಕ್ಕೆ: ಜೋಡಿ ಡಿಡಿಆರ್2-667 ರ‍್ಯಾಮ್ ಸೆಕೆಂಡಿಗೆ 10.7 ಜಿಬಿ ಸಾಗಿಸುತ್ತದೆ, ಅದನ್ನೂ ಪ್ರೊಸೆಸರಿನೊಂದಿಗೆ ಹಂಚಿಕೊಳ್ಳಬೇಕು.

ಈಗ ಎನ್‌ವಿಡಿಯಾದ ಜಿಟಿ 730 ಎಂಬ ಹೆಸರನ್ನೇ ತೆಗೆದುಕೊಳ್ಳಿ. 2014ರಲ್ಲಿ ಬಂದ ಈ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕಾರ್ಡುಗಳಿವೆ. ಒಂದು, ಹಳೆಯ ಫರ್ಮಿ ವಿನ್ಯಾಸದ, 96 ಕೋರುಗಳ, 49 ವ್ಯಾಟ್ ತಿನ್ನುವ ಕಾರ್ಡ್. ಮತ್ತೊಂದು, ಕೆಪ್ಲರ್ ವಿನ್ಯಾಸದ 384 ಕೋರುಗಳಿದ್ದರೂ 64 ಬಿಟ್ಟಿನ ಡಿಡಿಆರ್3 ಮೆಮೊರಿಯಿಂದಾಗಿ ಸೆಕೆಂಡಿಗೆ 14.4 ಜಿಬಿಗೆ ನಿಂತುಬಿಡುವ ಕಾರ್ಡ್. ಮೂರನೆಯದು, ಅದೇ 384 ಕೋರುಗಳ ಜೊತೆ ಜಿಡಿಡಿಆರ್5 ಮೆಮೊರಿಯಿದ್ದು 40 ಜಿಬಿ ಮುಟ್ಟುವ ಕಾರ್ಡ್. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘4 ಜಿಬಿ’ ಎಂದಿರುವುದು ಸಾಮಾನ್ಯವಾಗಿ ಡಿಡಿಆರ್3 ಕಾರ್ಡ್, ಆದರೆ ಕೊಳ್ಳಬೇಕಾದದ್ದು ಜಿಡಿಡಿಆರ್5ರ ಚಿಕ್ಕ ಮೆಮೊರಿಯ ಕಾರ್ಡ್. ಜಿಟಿ 1030ರಲ್ಲಿಯೂ ಇದೇ ಕಥೆ ಮರುಕಳಿಸಿತು. 2017ರಲ್ಲಿ ಬಂದಾಗ ಜಿಡಿಡಿಆರ್5 ಮೆಮೊರಿಯೊಂದಿಗೆ 48 ಜಿಬಿ ಸಾಗಿಸುತ್ತಿದ್ದ ಕಾರ್ಡಿಗೆ ಮರುವರ್ಷ ಡಿಡಿಆರ್4 ಹಾಕಿ, 16.8 ಜಿಬಿಗೆ ಇಳಿಸಿ, ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಲಾಯಿತು. ಅಂಗಡಿಯಲ್ಲಿ ‘ಎಷ್ಟು ಜಿಬಿ’ ಎಂದು ಕೇಳಬೇಡಿ, ‘ಡಿಡಿಆರ್ ಯಾವುದು’ ಎಂದು ಕೇಳಿ. ಉತ್ತರ ತಡವರಿಸಿದರೆ ಪೆಟ್ಟಿಗೆಯನ್ನು ತಿರುಗಿಸಿ ನೀವೇ ಓದಿಕೊಳ್ಳಿ.

ಒಂದೇ ಮಾತಿನಲ್ಲಿ ಹೇಳಿ, ಯಾವ ಕಾರ್ಡ್ ಕೊಳ್ಳಲಿ?

ಒಂದೇ ಮಾತಿನಲ್ಲಿ ಆಗದಿದ್ದರೂ ನಾಲ್ಕು ಮಾತಿನಲ್ಲಿ ಹೇಳಬಹುದು. ಪೋರ್ಟ್ ಕೆಟ್ಟಿದೆ, ಚಿತ್ರ ಬಂದರೆ ಸಾಕು ಎನ್ನುವವರಿಗೆ 19 ವ್ಯಾಟಿನ ಜಿಟಿ 710 ಸಾಕು. ಅದರಲ್ಲಿ ವಿಜಿಎ ಪೋರ್ಟ್ ಕೂಡ ಸಿಗುತ್ತದೆ. ವಿಡಿಯೊ ನೋಡುವವರಿಗೆ, ಹಗುರ ಕೆಲಸದವರಿಗೆ 30 ವ್ಯಾಟಿನ ಜಿಡಿಡಿಆರ್5 ಜಿಟಿ 1030. ಆಟಕ್ಕೆ, ಮೂರು ಆಯಾಮದ ಚಿತ್ರಕ್ಕೆ, ಹೆಚ್ಚುವರಿ ಸಾಕೆಟ್ ಇಲ್ಲದ ಮಾದರಿಯನ್ನೇ ಹುಡುಕಿ 60 ವ್ಯಾಟಿನ ಜಿಟಿಎಕ್ಸ್ 750 ಟಿಐ, ಅಥವಾ 75 ವ್ಯಾಟಿನ ಜಿಟಿಎಕ್ಸ್ 1050 ಟಿಐ, ಜಿಟಿಎಕ್ಸ್ 1650. ಇನ್ನು ಹೆಚ್ಚು ಜನ ಗಮನಿಸದ ಒಂದು ದಾರಿಯೆಂದರೆ ಕಚೇರಿಗಳ ವರ್ಕ್‌ಸ್ಟೇಷನ್‌ಗಳಿಂದ ಬಿಚ್ಚಿ ಮಾರುವ ಕ್ವಾಡ್ರೊ ಪಿ400, ಪಿ600 ಕಾರ್ಡುಗಳು. ಗಿಡ್ಡವಾಗಿವೆ, 40 ವ್ಯಾಟ್ ಮೀರುವುದಿಲ್ಲ. ಆದರೆ ಅವುಗಳ ಪೋರ್ಟ್ ಮಿನಿ ಡಿಸ್‌ಪ್ಲೇಪೋರ್ಟ್ ಆದ್ದರಿಂದ ಪರಿವರ್ತಕದ ಬೆಲೆಯನ್ನೂ ಸೇರಿಸಿ ಚೌಕಾಸಿ ಮಾಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳಬಹುದೇ? ಮೋಸ ಹೋಗದಿರುವುದು ಹೇಗೆ?

ಕೊಳ್ಳಬಹುದು. ನಾನೂ ಅಲ್ಲಿಯೇ ಕೊಳ್ಳುತ್ತೇನೆ. ಅಂಗಡಿಯಲ್ಲಿಯೇ ಯಂತ್ರಕ್ಕೆ ಹಾಕಿ, ವಿಂಡೋಸ್ ಒಳಗಿನವರೆಗೂ ಹೋಗಿ ತೋರಿಸಿ ಎಂದು ಕೇಳುವುದು ಅಲ್ಲಿನ ರೂಢಿಗೆ ಹೊರತಾದದ್ದಲ್ಲ, ಸಂಕೋಚ ಬೇಡ. ಹಳೆಯ ಅಗ್ಗದ ಕಾರ್ಡಿನ ಬಯಾಸನ್ನು, ಅಂದರೆ ಒಳಗಿನ ಮೂಲ ತಂತ್ರಾಂಶವನ್ನು, ತಿದ್ದಿ ಅದನ್ನು 1050 ಟಿಐ ಎಂದು ತೋರಿಸುವ ನಕಲಿಗಳು ಎಲ್ಲ ಮಾರುಕಟ್ಟೆಗಳಲ್ಲಿಯೂ ತಿರುಗಾಡಿವೆ. ವಿಂಡೋಸ್ ತೋರಿಸುವ ಹೆಸರನ್ನು ನಂಬದೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. 2018ರಿಂದ ಅದು ಎನ್‌ವಿಡಿಯಾದ ಇಂಥ ನಕಲಿಗಳನ್ನು ಗುರುತಿಸಿ ಹೆಸರಿನ ಪಕ್ಕದಲ್ಲಿಯೇ ಎಚ್ಚರಿಕೆ ಬರೆಯುತ್ತದೆ. ಕಣ್ಣಿಗೆ ಕಾಣುವ ಸುಳಿವೂ ಒಂದಿದೆ: ನಿಜವಾದ 1050 ಟಿಐಯ ಚಿಪ್ ಅನಲಾಗ್ ವಿಜಿಎ ಸಂಕೇತ ಕೊಡುವುದೇ ಇಲ್ಲ. ಆ ಹೆಸರಿನ ಕಾರ್ಡಿನಲ್ಲಿ ನೀಲಿ ವಿಜಿಎ ಪೋರ್ಟ್ ಇದ್ದರೆ ಅನುಮಾನಪಡಿ.

ನನ್ನ ಮಾನಿಟರಿನಲ್ಲಿ ವಿಜಿಎ ಮಾತ್ರ ಇದೆ. ಡಿವಿಐನಿಂದ ವಿಜಿಎಗೆ ಸಣ್ಣ ಕನೆಕ್ಟರ್ ಹಾಕಿದರೆ ಆಗುವುದಿಲ್ಲವೇ?

ಕಾರ್ಡಿನ ಡಿವಿಐ ಯಾವ ಬಗೆಯದು ಎಂಬುದರ ಮೇಲೆ ಅದು ನಿಂತಿದೆ. ಚಪ್ಪಟೆ ಸೀಳಿನ ಸುತ್ತ ನಾಲ್ಕು ಸಣ್ಣ ರಂಧ್ರಗಳಿದ್ದರೆ ಅದು ಡಿವಿಐ-ಐ, ಅನಲಾಗ್ ಸಂಕೇತವೂ ಅಲ್ಲಿ ಸಿಗುತ್ತದೆ. ಆ ರಂಧ್ರಗಳಿಲ್ಲದ ಡಿವಿಐ-ಡಿಗೆ ಸಾದಾ ಕನೆಕ್ಟರ್ ಹಾಕಿದರೆ ಏನೂ ಬರುವುದಿಲ್ಲ. ಜಿಟಿ 1030ರಲ್ಲಿರುವುದು ಡಿವಿಐ-ಡಿ. ಅದಕ್ಕೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ, ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು.

## ಕೂರಿಸುವಾಗ ಮತ್ತು ಆಮೇಲೆ

ನಾನೇ ಹಾಕಿಕೊಳ್ಳಬಹುದೇ, ಅಂಗಡಿಗೆ ಒಯ್ಯಲೇಬೇಕೇ?

ಸ್ಕ್ರೂ ಡ್ರೈವರ್ ಹಿಡಿಯಬಲ್ಲವರು ಯಾರು ಬೇಕಾದರೂ ಹಾಕಬಹುದು. ಯಂತ್ರ ಆರಿಸಿ, ಪವರ್ ಕೇಬಲ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಅದುಮಿ ಉಳಿದ ವಿದ್ಯುತ್ತನ್ನು ಹೋಗಲಾಡಿಸಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಅಂಚಿನಲ್ಲಿ ಹಿಡಿದು ಕಾರ್ಡನ್ನು ನೇರವಾಗಿ ಒತ್ತಿ, ಕೊಂಡಿ ‘ಟಿಕ್’ ಎನ್ನುವವರೆಗೆ. ಸ್ಕ್ರೂ ಹಾಕಿ. ಇಷ್ಟೇ. ಬಾಗಿಲು ತೆಗೆದದ್ದೇ ಆದರೆ ಒಳಗಿನ ಧೂಳನ್ನೂ ಬ್ಲೋವರ್‌ನಿಂದ ಊದಿಬಿಡಿ. ಆಗ ಫ್ಯಾನು ತಿರುಗದಂತೆ ಬೆರಳಿನಿಂದ ತಡೆದುಕೊಳ್ಳಿ. ಹಳೆಯ ಗ್ರಾಫಿಕ್ಸ್ ಡ್ರೈವರನ್ನು ಮೊದಲೇ ತೆಗೆಯಲೇಬೇಕೆಂಬ ಕಡ್ಡಾಯವೇನಿಲ್ಲ. ಆನ್‌ಬೋರ್ಡ್ ಇಂಟೆಲ್, ಕಾರ್ಡ್ ಎನ್‌ವಿಡಿಯಾ ಆಗಿದ್ದರೆ ಎರಡೂ ಜಗಳವಿಲ್ಲದೆ ಇರುತ್ತವೆ.

ಕಾರ್ಡ್ ಹಾಕಿದ ಮೇಲೆ ಡಿಸ್‌ಪ್ಲೇನೇ ಬರ್ತಿಲ್ಲ. ಫ್ಯಾನ್ ಮಾತ್ರ ತಿರುಗುತ್ತಿದೆ. ಕಾರ್ಡ್ ಹೋಯಿತೇ?

ಮೊದಲು ಮಾನಿಟರಿನ ಕೇಬಲ್ ನೋಡಿ. ನಾಚಿಕೆಯೇನಿಲ್ಲ, ಹೀಗೆ ದೂರು ತಂದವರಲ್ಲಿ ಹಲವರು ಕೇಬಲ್ಲನ್ನು ಹಳೆಯ ಪೋರ್ಟಿನಲ್ಲಿಯೇ ಬಿಟ್ಟಿರುತ್ತಾರೆ. ಕಾರ್ಡ್ ಹಾಕಿದೊಡನೆ ಅನೇಕ ಬೋರ್ಡುಗಳು ಆನ್‌ಬೋರ್ಡ್ ಪೋರ್ಟನ್ನು ತಾವಾಗಿಯೇ ಮುಚ್ಚಿಬಿಡುತ್ತವೆ. ಆನಂತರ ಮಾನಿಟರಿನ ಇನ್‌ಪುಟ್ ಎಚ್‌ಡಿಎಂಐಗೆ ಬದಲಾಗಿದೆಯೇ ನೋಡಿ.

ಅದೂ ಸರಿಯಿದ್ದರೆ ಕಾರ್ಡ್ ತೆಗೆದು, ಆನ್‌ಬೋರ್ಡ್ ಪೋರ್ಟಿನಲ್ಲಿ ಯಂತ್ರ ತೆರೆದು ಬೋರ್ಡಿನ ಬಯಾಸ್ ಒಳಗೆ ಹೋಗಿ. ‘ಪ್ರೈಮರಿ ಡಿಸ್‌ಪ್ಲೇ’ ಅಥವಾ ‘ಇನಿಟ್ ಡಿಸ್‌ಪ್ಲೇ ಫಸ್ಟ್’ ಎಂಬ ಹೆಸರಿನ ಸಾಲು ಸಿಗುತ್ತದೆ. ಅದು ‘ಆನ್‌ಬೋರ್ಡ್’ ಅಥವಾ ‘ಐಜಿಡಿ’ ಎಂದಿದ್ದರೆ ‘ಪಿಇಜಿ’ ಅಥವಾ ‘ಆಟೊ’ ಎಂದು ಬದಲಿಸಿ. ಇಲ್ಲಿ ಪಿಇಜಿ ಎಂದರೆ 16 ಲೇನಿನ ಸ್ಲಾಟ್. ಬೋರ್ಡಿನ ಗುಂಡು ಸೆಲ್ ಸತ್ತಿದ್ದರೆ ಈ ಬದಲಾವಣೆ ಪ್ರತಿ ಬಾರಿ ಅಳಿಸಿಹೋಗುತ್ತದೆ. ಹತ್ತು ವರ್ಷದ ಯಂತ್ರದಲ್ಲಿ ಆ ಸಿಆರ್2032 ಸೆಲ್ಲನ್ನು ಹೇಗೂ ಬದಲಿಸುವುದು ಒಳಿತು.

ಯಂತ್ರ ಬೀಪ್ ಮಾಡುತ್ತಿದ್ದರೆ ಅದು ಒಳ್ಳೆಯ ಸುದ್ದಿ, ಕಾರ್ಡ್ ಸರಿಯಾಗಿ ಕೂತಿಲ್ಲ ಎಂದೋ ರ‍್ಯಾಮ್ ಅಲುಗಿದೆ ಎಂದೋ ಅದು ಹೇಳುತ್ತಿರುತ್ತದೆ. ಎರಡನ್ನೂ ತೆಗೆದು, ಚಿನ್ನದ ಬಣ್ಣದ ಅಂಚನ್ನು ಮೆತ್ತಗಿನ ಎರೇಸರಿನಿಂದ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ನಮ್ಮ ರಿಪೇರಿಯವರ ಈ ಎರೇಸರ್ ವಿದ್ಯೆಯನ್ನು ಹೀಗಳೆಯುವವರಿದ್ದಾರೆ. ಹಿತಮಿತವಾಗಿ ಮಾಡಿದರೆ ಅದು ಕೆಲಸ ಮಾಡುತ್ತದೆ. ಇಷ್ಟಾದರೂ ಬಾರದಿದ್ದರೆ ಆ ಕಾರ್ಡನ್ನು ಇನ್ನೊಂದು ಯಂತ್ರದಲ್ಲಿ ಪರೀಕ್ಷಿಸಿದ ಮೇಲೆಯೇ ಅದು ಕೆಟ್ಟಿದೆ ಎಂದು ತೀರ್ಮಾನಿಸಿ.

ಡ್ರೈವರ್ ಇನ್‌ಸ್ಟಾಲ್ ಆಗುತ್ತಿಲ್ಲ. ‘ಹೊಂದುವ ಹಾರ್ಡ್‌ವೇರ್ ಇಲ್ಲ’ ಎಂದು ಬರುತ್ತದೆ. ಏಕೆ?

ಎಲ್ಲಕ್ಕಿಂತ ಹೊಸ ಡ್ರೈವರನ್ನು ಇಳಿಸಿಕೊಂಡದ್ದೇ ಕಾರಣವಿರಬಹುದು. ಕಂಪನಿಗಳು ಹಳೆಯ ಕಾರ್ಡುಗಳನ್ನು ಹಂತ ಹಂತವಾಗಿ ಕೈಬಿಡುತ್ತವೆ. ಎನ್‌ವಿಡಿಯಾದ ಫರ್ಮಿ ಕಾರ್ಡುಗಳಿಗೆ ವಿಂಡೋಸ್‌ನಲ್ಲಿ 2018ರ 391.35 ಕೊನೆಯದು. ಜಿಟಿ 710 ಸೇರಿದಂತೆ ಕೆಪ್ಲರ್ ಕಾರ್ಡುಗಳು 470ರ ಸರಣಿಯಲ್ಲಿ ನಿಂತವು, ಅವುಗಳ ಭದ್ರತಾ ಪರಿಷ್ಕರಣೆಯೂ 2024ರ ಸೆಪ್ಟೆಂಬರಿಗೆ ಮುಗಿಯಿತು. 750 ಟಿಐ, 1030, 1050 ಟಿಐಗಳಿಗೆ 580ರ ಸರಣಿ ಕೊನೆಯದು, ಅದರ ಭದ್ರತಾ ಪರಿಷ್ಕರಣೆ 2028ರ ಅಕ್ಟೋಬರಿನವರೆಗೆ ಎಂದು ಕಂಪನಿ ಪ್ರಕಟಿಸಿದೆ. ಎಎಂಡಿ 2021ರ ಜೂನಿನಲ್ಲಿ ತನ್ನ ಎಚ್‌ಡಿ 7000 ಸರಣಿಯನ್ನೂ ಅದರ ನಂತರದ ಕೆಲವನ್ನೂ ನಿಲ್ಲಿಸಿತು. ಆದ್ದರಿಂದ ಕಂಪನಿಯ ತಾಣದಲ್ಲಿ ಕಾರ್ಡಿನ ಹೆಸರನ್ನೇ ಆರಿಸಿ, ಅದಕ್ಕೆ ಸೇರಿದ ಡ್ರೈವರನ್ನು ತೆಗೆದುಕೊಳ್ಳಿ. ಲಿನಕ್ಸ್ ಬಳಸುವವರಿಗೆ ಹಳೆಯ ಎಎಂಡಿ ಕಾರ್ಡ್ ಹೆಚ್ಚು ನೆಮ್ಮದಿ, ಏಕೆಂದರೆ ಅದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ಲಿನೊಳಗೇ ಬರುತ್ತದೆ.

ಕಾರ್ಡ್ ಹಾಕಿದರೆ ವಿಂಡೋಸ್ 11 ಹಾಕಬಹುದೇ?

ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಅದು ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಇಂಟೆಲ್‌ನಲ್ಲಾದರೆ ಎಂಟನೆಯ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರ್.

## ಇನ್ನಷ್ಟು ಒಳಗೆ

ಆನ್‌ಬೋರ್ಡ್ ಪೋರ್ಟನ್ನೂ ಕಾರ್ಡನ್ನೂ ಒಟ್ಟಿಗೆ ಬಳಸಿ ಮೂರು ಮಾನಿಟರ್ ಜೋಡಿಸಬಹುದೇ?

945, ಜಿ31ರಂಥ ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಆ ಆಸೆ ಬಿಡಬೇಕು. ಗ್ರಾಫಿಕ್ಸ್ ಪ್ರೊಸೆಸರಿನೊಳಗೆ ಬಂದ ನಂತರದ ಅನೇಕ ಬೋರ್ಡುಗಳ ಬಯಾಸ್‌ನಲ್ಲಿ ‘ಐಜಿಡಿ ಮಲ್ಟಿ ಮಾನಿಟರ್’ ಎಂಬ ಆಯ್ಕೆಯಿದೆ. ಅದನ್ನು ತೆರೆದರೆ ಎರಡೂ ಜೊತೆಯಾಗಿ ನಡೆಯುತ್ತವೆ. ಆಗ ಆನ್‌ಬೋರ್ಡ್ ಭಾಗ ರ‍್ಯಾಮಿನ ತನ್ನ ಪಾಲನ್ನು ಮತ್ತೆ ತೆಗೆದುಕೊಳ್ಳುತ್ತದೆ ಎಂಬುದು ನೆನಪಿರಲಿ.

4 ಜಿಬಿ ರ‍್ಯಾಮ್ ಇದೆ, ವಿಂಡೋಸ್ 32 ಬಿಟ್. ಕಾರ್ಡ್ ಹಾಕಿದ ಮೇಲೆ ರ‍್ಯಾಮ್ ಇನ್ನೂ ಕಡಿಮೆ ತೋರಿಸುತ್ತಿದೆಯಲ್ಲ?

32 ಬಿಟ್ ವ್ಯವಸ್ಥೆ ಬಳಸಬಲ್ಲ ವಿಳಾಸಗಳೇ ಒಟ್ಟು 4 ಜಿಬಿ, ಅದರಲ್ಲಿಯೇ ಕಾರ್ಡಿನಂಥ ಸಾಧನಗಳಿಗೂ ವಿಳಾಸ ಕೊಡಬೇಕು. ಕಾರ್ಡ್ ತನ್ನ ಪಾಲು ಕೇಳಿದಷ್ಟು ರ‍್ಯಾಮ್ ವಿಳಾಸವಿಲ್ಲದೆ ಹೊರಗುಳಿಯುತ್ತದೆ. 64 ಬಿಟ್ಟಿಗೆ ಬದಲಾಗುವುದೇ ಪರಿಹಾರ. ಕೋರ್ 2 ಡುಯೊ ಕೂಡ ಅದಕ್ಕೆ ಸಿದ್ಧವಿರುವ ಪ್ರೊಸೆಸರೇ.

ಜಿಟಿ 710 ಹಾಕಿದರೂ ಯೂಟ್ಯೂಬ್ ತಡವರಿಸುತ್ತದೆ. ಕಾರ್ಡ್ ನಕಲಿಯೇ?

ನಕಲಿಯಲ್ಲ. ವಿಡಿಯೊವನ್ನು ಬಿಡಿಸುವ ಕೆಲಸಕ್ಕೆ ಕಾರ್ಡಿನೊಳಗೆ ಪ್ರತ್ಯೇಕ ಭಾಗವಿರುತ್ತದೆ, ಮತ್ತು ಅದು ತನಗೆ ತಿಳಿದ ಸಂಕೇತರೂಪಗಳನ್ನು ಮಾತ್ರ ಬಿಡಿಸುತ್ತದೆ. ಜಿಟಿ 710ಕ್ಕೆ ಎಚ್.264 ಗೊತ್ತು. ಆದರೆ ಯೂಟ್ಯೂಬ್ ಈಗ ಹೆಚ್ಚಾಗಿ ಕಳುಹಿಸುವ ವಿಪಿ9, ಎವಿ1 ಗೊತ್ತಿಲ್ಲ. ಗೊತ್ತಿಲ್ಲದ್ದೆಲ್ಲ ಪ್ರೊಸೆಸರಿನ ಹೆಗಲಿಗೆ ಬೀಳುತ್ತದೆ. 750 ಟಿಐಯಂಥ ಬಲವಾದ ಕಾರ್ಡಿಗೂ ವಿಪಿ9 ಬಾರದು, ಅದಕ್ಕಿಂತ ಕುಗ್ಗಿದ ಜಿಟಿ 1030ಕ್ಕೆ ಬರುತ್ತದೆ. ಆಟದ ಬಲವೂ ವಿಡಿಯೊ ಬಲವೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಎವಿ1 ಇವುಗಳಲ್ಲಿ ಯಾವುದಕ್ಕೂ ಬಾರದು. ಎನ್‌ವಿಡಿಯಾದಲ್ಲಿ ಅದು ಶುರುವಾದದ್ದು 2020ರ ಆರ್‌ಟಿಎಕ್ಸ್ 30 ಸರಣಿಯಿಂದ. ಇರುವ ಕಾರ್ಡಿನಲ್ಲಿಯೇ ಸುಧಾರಿಸಿಕೊಳ್ಳಬೇಕಾದರೆ ಎಚ್264ಇಫೈ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿ. ಅದು ಯೂಟ್ಯೂಬಿನಿಂದ ಎಚ್.264 ರೂಪವನ್ನೇ ಕೇಳಿ ತರಿಸುತ್ತದೆ, 1080ಪಿಗಿಂತ ಮೇಲಿನದು ಮಾತ್ರ ಆಗ ಸಿಗುವುದಿಲ್ಲ.

ಕೋರ್ 2 ಡುಯೊಗೆ 1050 ಟಿಐ ಹಾಕಿದೆ. ಕೆಲವು ಆಟ ಶುರುವೇ ಆಗುವುದಿಲ್ಲ, ಆದವೂ ಎಳೆದಾಡುತ್ತವೆ. ಏಕೆ?

ಎರಡಕ್ಕೂ ಕಾರಣ ಪ್ರೊಸೆಸರ್. 2011ಕ್ಕಿಂತ ಮುಂಚಿನ ಇಂಟೆಲ್ ಪ್ರೊಸೆಸರುಗಳಲ್ಲಿ ಎವಿಎಕ್ಸ್ ಎಂಬ ಆದೇಶಗಳ ಗುಂಪು ಇಲ್ಲ, ಕೋರ್ 2ರಲ್ಲಿ ಎಸ್‌ಎಸ್‌ಇ 4.2 ಕೂಡ ಇಲ್ಲ. ಅವುಗಳನ್ನು ಕಡ್ಡಾಯ ಮಾಡಿರುವ ಆಟ ಯಾವ ಕಾರ್ಡ್ ಹಾಕಿದರೂ ತೆರೆಯುವುದಿಲ್ಲ. ತೆರೆದುಕೊಂಡ ಆಟದಲ್ಲಿ, ಮುಂದಿನ ಚಿತ್ರಕ್ಕೆ ಬೇಕಾದ ಲೆಕ್ಕವನ್ನು ಎರಡು ಕೋರುಗಳ ಪ್ರೊಸೆಸರ್ ಒದಗಿಸುವವರೆಗೆ ಕಾರ್ಡ್ ಸುಮ್ಮನೆ ಕಾಯುತ್ತ ಕೂತಿರುತ್ತದೆ. ಪರೀಕ್ಷೆ ಸುಲಭ: ರೆಸಲ್ಯೂಷನ್ ತಗ್ಗಿಸಿ ನೋಡಿ. ಆಟದ ಓಟ ಹಾಗೆಯೇ ಇದ್ದರೆ ತಡೆ ಇರುವುದು ಪ್ರೊಸೆಸರಿನಲ್ಲಿ. ಕೋರ್ 2 ಯಂತ್ರಕ್ಕೆ ಜಿಟಿ 1030ಕ್ಕಿಂತ ಮೇಲಿನ ಕಾರ್ಡ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆ ಹಣಕ್ಕೆ ಇನ್ನಷ್ಟು ಸೇರಿಸಿ ನಾಲ್ಕನೆಯ ಪೀಳಿಗೆಯ ಐ5 ಇರುವ ಹಳೆಯ ಯಂತ್ರವನ್ನೇ ಕೊಳ್ಳುವುದು ಮೇಲು.

ಹೊಸದಾಗಿ ಬಂದಿರುವ ಆರ್‌ಎಕ್ಸ್ 6400, ಇಂಟೆಲ್ ಆರ್ಕ್ ಕಾರ್ಡುಗಳು ಹಳೆಯ ಯಂತ್ರಕ್ಕೆ ಹೊಂದುತ್ತವೆಯೇ?

ಕಾಗದದ ಮೇಲೆ ಎರಡೂ ಆಕರ್ಷಕ, ಆದರೆ ಹಳೆಯ ಯಂತ್ರಕ್ಕೆ ಎರಡನ್ನೂ ನಾನು ಹೇಳುವುದಿಲ್ಲ. ಎಎಂಡಿಯ ಆರ್‌ಎಕ್ಸ್ 6400 ಕೇವಲ 53 ವ್ಯಾಟಿನದು, ಗಿಡ್ಡ ಮಾದರಿಯೂ ಇದೆ. ಆದರೆ ಅದು ಬಳಸುವುದು ನಾಲ್ಕೇ ಲೇನು. ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ನಾಲ್ಕು ಲೇನುಗಳೇ ಸುಮಾರು 8 ಜಿಬಿ ಸಾಗಿಸಿದರೆ, 2.0 ಬೋರ್ಡಿನಲ್ಲಿ ಅದು 2 ಜಿಬಿಗೆ ಕುಸಿಯುತ್ತದೆ, ಕಾರ್ಡಿನ ಬಲ ಅಲ್ಲಿಯೇ ಸೋರಿಹೋಗುತ್ತದೆ. 2022ರಲ್ಲಿ ಬಂದ ಆರ್ಕ್ ಕಾರ್ಡುಗಳು ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯವನ್ನು ನೆಚ್ಚಿಕೊಂಡಿವೆ. ಅದು ಈ ಪುಟದಲ್ಲಿ ಹೇಳಿದ ಯಂತ್ರಗಳ ಬಯಾಸ್‌ನಲ್ಲಿ ಇರುವುದಿಲ್ಲ.

ಇದರ ಜೊತೆಗೆ ಬಯಾಸ್‌ನ ತೊಡಕೂ ಇದೆ. ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಬರುವುದಕ್ಕೆ ಮುಂಚಿನ ಕೆಲವು ಬ್ರಾಂಡೆಡ್ ಯಂತ್ರಗಳು ಹೊಸ ಕಾರ್ಡ್ ಕಂಡರೆ ತೆರೆದುಕೊಳ್ಳುವುದೇ ಇಲ್ಲ. ಕಂಪನಿಯ ಕೊನೆಯ ಬಯಾಸ್ ಹಾಕಿ ನೋಡುವುದೊಂದೇ ಉಪಾಯ. ತಿರುಗುಮುರುಗಾಗಿ, ಯುಇಎಫ್‌ಐ ಇದ್ದು ಹಳೆಯ ಬಯಾಸ್‌ನಂತೆ ನಡೆಯಲು ಬಿಡುವ ಸಿಎಸ್‌ಎಂ ಆಯ್ಕೆ ಮುಚ್ಚಿರುವ ಯಂತ್ರಕ್ಕೆ ತೀರಾ ಹಳೆಯ ಕಾರ್ಡ್ ಹಾಕಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆಗ ಸಿಎಸ್‌ಎಂ ತೆರೆಯಬೇಕು. ಬಯಾಸ್ ಬದಲಿಸುವಾಗ ಯಂತ್ರ ಯುಪಿಎಸ್ ಮೇಲಿರಲಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಂತಾಗಬಹುದು.

ನನ್ನ ಬೋರ್ಡಿನಲ್ಲಿ 16 ಲೇನಿನ ಸ್ಲಾಟೇ ಇಲ್ಲ, ಇರುವುದು ಒಂದು ಲೇನಿನ ಚಿಕ್ಕ ಸ್ಲಾಟ್ ಮತ್ತು ಹಳೆಯ ಪಿಸಿಐ. ದಾರಿಯೇ ಇಲ್ಲವೇ?

ಕಿರಿದಾದ ದಾರಿ ಇದೆ. ಒಂದೇ ಲೇನಿನ ಸ್ಲಾಟಿಗೆಂದು ಮಾಡಿದ ಜಿಟಿ 710 ಕಾರ್ಡುಗಳನ್ನು ಆಸುಸ್, ಝೋಟ್ಯಾಕ್ ತಯಾರಿಸಿವೆ. ಹಳೆಯ ಪಿಸಿಐಗೆ 8400 ಜಿಎಸ್, ಜಿಟಿ 610ರ ಕೆಲವು ಮಾದರಿಗಳು ಬಂದಿದ್ದವು, ಹುಡುಕಿದರೆ ಸೆಕೆಂಡ್ ಹ್ಯಾಂಡ್ ಸಿಗಬಹುದು. ಪಿಸಿಐ ಇಡೀ ಬಸ್ಸಿನ ಸಾಮರ್ಥ್ಯವೇ ಸೆಕೆಂಡಿಗೆ 133 ಎಂಬಿ ಆದ್ದರಿಂದ ಅದರಿಂದ ವಿಡಿಯೊವನ್ನಾಗಲಿ ಆಟವನ್ನಾಗಲಿ ನಿರೀಕ್ಷಿಸಬೇಡಿ. ಕೆಟ್ಟ ಪೋರ್ಟಿನ ಬದಲಿಗೆ, ಅಥವಾ ಲೆಕ್ಕಪತ್ರದ ಯಂತ್ರಕ್ಕೆ ಎರಡನೆಯ ಮಾನಿಟರ್ ಕೊಡಲು ಅಷ್ಟು ಸಾಕು.